ಗಡಿಯ ಕಾಯಕ, ಮನೆಯ ಋಣ

ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಕಾಯಕವೂ ಸಂಸಾರವೂ ಒಂದೇ ಸೂರಿನಡಿ ನಡೆದು ಬಂದಿವೆ. ಹಿರಿಯರು ಹಗುರ ಮರವನ್ನು ಕೆತ್ತುತ್ತಿರುವಾಗ ಮನೆಯ ಮತ್ತೊಬ್ಬರು ಹುಣಸೆ ಬೀಜದ ಅಂಟನ್ನು ಸಿದ್ಧಪಡಿಸುತ್ತಾರೆ. ಮಕ್ಕಳು ಬಣ್ಣದ ಬಟ್ಟಲುಗಳ ನಡುವೆ ಕುಳಿತು ನೋಡುತ್ತ ನೋಡುತ್ತಲೇ ಕಸುಬು ಕಲಿಯುತ್ತಾರೆ. ಒಕ್ಕಲಿಗನ ಬಾಳೂ ಬಹುಮಟ್ಟಿಗೆ ಹೀಗೆಯೇ. ಆದರೆ ಸೈನಿಕನ ಕಾಯಕದ ರೀತಿಯೇ ಬೇರೆ. ಯಾರ ನೆಮ್ಮದಿಗಾಗಿ ಆತ ದುಡಿಯುತ್ತಾನೋ ಅವರನ್ನೇ ಅಗಲಿ ದೂರ ನಿಲ್ಲಬೇಕಾದುದು ಆ ಕಾಯಕದ ಮೊದಲ ನಿಯಮ. ಸೈನಿಕನನ್ನು ಸ್ಮರಿಸುವವರು ಅವನ ಶೌರ್ಯದೊಡನೆ ಈ ಅಗಲಿಕೆಯನ್ನೂ ಎಣಿಸದಿದ್ದರೆ ಆ ಸ್ಮರಣೆ ಅರೆಯಾಗಿಯೇ ಉಳಿಯುತ್ತದೆ.

ಗದಗವನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ಬೆಟದೂರು ಎಂಬ ಗ್ರಾಮವಿದೆ. ಅಲ್ಲಿಯ ಒಂದು ಸಾಮಾನ್ಯ ಕೃಷಿಕ ಮನೆತನದಲ್ಲಿ ಹುಟ್ಟಿದ ಹನುಮಂತಪ್ಪ ಕೊಪ್ಪದ ಅವರು 2002ರಲ್ಲಿ ಸೈನ್ಯವನ್ನು ಸೇರಿ, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನಲ್ಲಿ ಲ್ಯಾನ್ಸ್ ನಾಯಕ್ ಪದವಿಗೇರಿದರು. ಅವರ 13 ವರ್ಷಗಳ ಸೇವೆಯಲ್ಲಿ ಸುಮಾರು 10 ವರ್ಷಗಳು ಕಠಿಣ ಪ್ರದೇಶಗಳಲ್ಲಿಯೇ ಕಳೆದವು. ಜಮ್ಮು ಕಾಶ್ಮೀರದಲ್ಲಿ ಎರಡು ಸಲ, ಈಶಾನ್ಯ ರಾಜ್ಯಗಳಲ್ಲಿ ಒಂದು ಸಲ ಉಗ್ರರನ್ನೆದುರಿಸಿ ಕೆಲಸ ಮಾಡಿದ ಅವರು 2015ರಲ್ಲಿ ಸಿಯಾಚಿನ್ ಹಿಮನದಿಗೆ ತೆರಳಿದರು. ಊರಿನಲ್ಲಿ ತಾಯಿ, ಮಡದಿ ಮತ್ತು ಎಳೆಯ ಮಗಳು ಅವರ ಬರವನ್ನು ಕಾಯುತ್ತಿದ್ದರು.

2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಕಲ್ಲಿನಂತೆ ಗಟ್ಟಿಯಾದ ಮಂಜನ್ನು ಕೊರೆಯುತ್ತ, ನಾಯಿಗಳ ನೆರವಿನಿಂದ ಹುಡುಕುತ್ತ ಸಾಗಿದ ಒಡನಾಡಿ ಸೈನಿಕರಿಗೆ ಫೆಬ್ರುವರಿ 8ರಂದು ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪನವರು ಜೀವಸಹಿತ ದೊರೆತರು. ನಾಡೆಲ್ಲ ಪ್ರಾರ್ಥಿಸಿತು. ದಿಲ್ಲಿಯ ಸೈನಿಕ ಆಸ್ಪತ್ರೆಯ ವೈದ್ಯರ ಶ್ರಮವೆಲ್ಲ ವ್ಯರ್ಥವಾಗಿ, ಫೆಬ್ರುವರಿ 11ರಂದು, ತಮ್ಮ 33ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಮರಣೋತ್ತರವಾಗಿ ಅವರಿಗೆ ಸೇನಾ ಪದಕ ಸಂದಿತು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಕೇಳಿಬಂದ ಮಾತು 'ಪವಾಡ' ಎಂಬುದು. ಆ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಒಂದು ಮರೆವೂ ಇತ್ತು. ಆರು ದಿನಗಳ ಪವಾಡಕ್ಕೆ ಬೆರಗಾದವರು ಅದರ ಹಿಂದಿನ ಹದಿಮೂರು ವರ್ಷಗಳ ಸೇವೆಯನ್ನು ಎಷ್ಟು ಬಲ್ಲರು? ಅದೇ ಹಿಮದಲ್ಲಿ ಮಡಿದ ಉಳಿದ ಒಂಬತ್ತು ಮಂದಿಯಲ್ಲಿ ಇಬ್ಬರು ಕನ್ನಡಿಗರೇ: ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ ಮತ್ತು ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ. ಅವರ ಹೆಸರುಗಳು ಎಷ್ಟು ಜನರ ನಾಲಗೆಯ ಮೇಲಿವೆ? ತಮಿಳುನಾಡು, ಕೇರಳ, ಆಂಧ್ರ, ಮಹಾರಾಷ್ಟ್ರಗಳ ಮನೆಗಳಲ್ಲಿಯೂ ಅಂದು ಅದೇ ದುಃಖ ತುಂಬಿತ್ತು.

ಸೈನಿಕನಿಗೆ ಸಂಬಳವುಂಟು, ನಿವೃತ್ತಿ ವೇತನವುಂಟು, ಅವನದೂ ಒಂದು ಉದ್ಯೋಗವಷ್ಟೆ ಎಂದು ವಾದಿಸುವವರಿದ್ದಾರೆ. ಬಡ ಮನೆತನದ ತರುಣರು ಹೊಟ್ಟೆಪಾಡಿಗಾಗಿಯೂ ಸೈನ್ಯ ಸೇರುತ್ತಾರೆಂಬುದು ಸುಳ್ಳಲ್ಲ. ಅದರಲ್ಲಿ ನಾಚಿಕೆಪಡಬೇಕಾದುದೂ ಏನಿಲ್ಲ. ಮನೆಯ ಹೊಣೆಯೇ ಅನೇಕರನ್ನು ಗಡಿಗೆ ಕರೆದೊಯ್ಯುತ್ತದೆ. ಆದರೆ ಮಗಳ ತೊದಲ್ನುಡಿಯನ್ನು ಕೇಳದೆ ಕಳೆದ ದಿನಗಳಿಗೆ ಯಾವ ವೇತನ ಪತ್ರದಲ್ಲಿಯೂ ಕಲಮಿಲ್ಲ. 1984ರ ಏಪ್ರಿಲ್‌ನಿಂದ ಭಾರತೀಯ ಸೈನ್ಯವು ಕಾಯುತ್ತಿರುವ ಸಿಯಾಚಿನ್ನಿನಲ್ಲಿ ಶತ್ರುವಿನ ಗುಂಡಿಗಿಂತ ಚಳಿಗೆ ಮತ್ತು ಹಿಮಕ್ಕೆ ಬಲಿಯಾದವರೇ ಹೆಚ್ಚು. ಅಲ್ಲಿ ಶೌರ್ಯವೆಂದರೆ ಬಹುಪಾಲು ತಾಳ್ಮೆ. ಗಂಡನಿಲ್ಲದ ಮನೆಯನ್ನು ನಡೆಸುವ ಹೆಣ್ಣಿನ ತಾಳ್ಮೆಯೂ ಅದೇ ತೂಕದ್ದು. ಆದುದರಿಂದ ಒಳ್ಳೆಯ ಸೈನಿಕ, ಒಳ್ಳೆಯ ಗೃಹಸ್ಥ ಎಂಬವು ಎರಡು ಬೇರೆ ಬೇರೆ ಪ್ರಶಂಸೆಗಳಲ್ಲ. ಒಂದೇ ನಿಷ್ಠೆಯ ಎರಡು ಮುಖಗಳು.

ಕೊಪ್ಪಳ ಸೀಮೆಗೆ ಇಂಥ ಸ್ಮರಣೆ ಹೊಸದಲ್ಲ. 1858ರಲ್ಲಿ ಮುಂಡರಗಿಯ ಭೀಮರಾಯರು ಬ್ರಿಟಿಷರೊಡನೆ ಹೋರಾಡುತ್ತ ಕೊಪ್ಪಳದ ಕೋಟೆಯಲ್ಲಿಯೇ ಮಡಿದರು. ಕೋಟೆಯ ಕಲ್ಲು ಇಂದಿಗೂ ನಿಂತಿದೆ. ಆದರೆ ಕಲ್ಲು ತಾನಾಗಿ ಮಾತನಾಡದು. ಅದನ್ನು ಮಾತನಾಡಿಸುವವನು ಶಿಕ್ಷಕ.

ಪ್ರತಿಯೊಂದು ಶಾಲೆಯೂ ತನ್ನಲ್ಲಿ ಓದಿ ಸೈನ್ಯ ಸೇರಿದವರ ಹೆಸರುಗಳನ್ನು, ಬದುಕಿರುವವರನ್ನೂ ಸೇರಿಸಿ, ಒಂದು ಪುಸ್ತಕದಲ್ಲಿ ಬರೆದಿಡುವುದು ಉಚಿತ. ರಜೆಯ ಮೇಲೆ ಊರಿಗೆ ಬಂದ ಯೋಧನನ್ನು ಒಂದು ದಿನ ಮಕ್ಕಳ ಮುಂದೆ ಕೂರಿಸಿ ಮಾತನಾಡಿಸುವುದಕ್ಕೆ ಹೆಚ್ಚಿನ ಖರ್ಚೇನೂ ತಗಲದು. ತಂದೆ ಗಡಿಯಲ್ಲಿರುವ ಮಗುವಿನ ಓದಿನ ಮೇಲೆ ಗುರುಗಳು ಒಂದು ಕಣ್ಣಿಟ್ಟರೆ, ದಾನಿಗಳು ಹುತಾತ್ಮರ ಮಕ್ಕಳ ವಿದ್ಯೆಯ ಭಾರವನ್ನು ಹೊತ್ತರೆ, ಅದು ಪುತ್ಥಳಿಗಿಂತ ಮಿಗಿಲಾದ ಸ್ಮಾರಕವಾದೀತು. ಹೂಮಾಲೆ ಮರುದಿನವೇ ಬಾಡುತ್ತದೆ. ಕಲಿತ ಮಗು ಮಾತ್ರ ತಂದೆಯ ಹೆಸರನ್ನು ಬಾಳಿನುದ್ದಕ್ಕೂ ಹೊತ್ತು ನಡೆಯುತ್ತದೆ.