ರೋಗಿ ಊರಲ್ಲೇ ಇರಲಿ, ರಕ್ತದ ಮಾದರಿ ಬೆಂಗಳೂರಿಗೆ ಹೋಗಲಿ

ಇಪ್ಪತ್ತೈದು ವರ್ಷಗಳ ಹಿಂದೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದವರ ಮನೆಯಲ್ಲಿ ಇನ್ನೆಷ್ಟು ವರ್ಷ ಎಂಬುದೇ ಮಾತಾಗಿರುತ್ತಿತ್ತು. 2001ರಲ್ಲಿ ಬಂದ ಇಮ್ಯಾಟಿನಿಬ್ ಮಾತ್ರೆ ಆ ಲೆಕ್ಕವನ್ನೇ ಬದಲಿಸಿತು. ದಿನಕ್ಕೊಮ್ಮೆ ಊಟದೊಂದಿಗೆ ನುಂಗುವ ಈ ಮಾತ್ರೆ, ಕ್ಯಾನ್ಸರ್ ಕಣಗಳು ಮಿತಿಮೀರಿ ಹುಟ್ಟಲು ಕಾರಣವಾದ ಒಂದು ಪ್ರೋಟೀನಿನ ಕೆಲಸವನ್ನು ತಡೆಯುತ್ತದೆ. ಮೊದಲ ಹಂತದಲ್ಲೇ ರೋಗ ಪತ್ತೆಯಾಗಿ, ಮಾತ್ರೆ ತಪ್ಪಿಸದವರಲ್ಲಿ ಹೆಚ್ಚಿನವರು ಇಂದು ಹೆಚ್ಚುಕಡಿಮೆ ಓರಗೆಯವರಷ್ಟೇ ಕಾಲ ಬದುಕುತ್ತಿದ್ದಾರೆ; ಹೊಲಕ್ಕೆ ಹೋಗುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ. ಈ ಔಷಧಿಯ ಪೇಟೆಂಟ್ ಹಕ್ಕನ್ನು ನೊವಾರ್ಟಿಸ್ ಕಂಪನಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪಿತ್ತಿತು. ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೀಳುತ್ತಿದ್ದ ಆ ದಿನಗಳಲ್ಲಿ, ಇಲ್ಲೇ ತಯಾರಾದ ಜೆನೆರಿಕ್ ಮಾತ್ರೆ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು.

ಔಷಧಿ ಇದೆ, ಬೆಲೆ ಇಳಿದಿದೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಸರೆಯೂ ಇದೆ. ಹಾಗಿದ್ದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕೂಲಿಕಾರನಿಗೆ ಉಳಿದ ಕಷ್ಟ ಯಾವುದು? ದಾರಿ. ಬಸ್ಸಿನಲ್ಲಿ ಬಳ್ಳಾರಿ, ಅಲ್ಲಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್, ಬೆಳಿಗ್ಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸಾಲು, ಸಂಜೆಗೆ ಚೀಟಿ, ಮತ್ತೆ ರಾತ್ರಿ ಪ್ರಯಾಣ. ರೋಗಿಯ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಭತ್ತದ ನಾಟಿಯೋ ಕಟಾವೋ ಬಂದ ತಿಂಗಳು ಈ ಓಡಾಟ ತಪ್ಪುತ್ತದೆ, ಮಾತ್ರೆಯೂ ತಪ್ಪುತ್ತದೆ. ಈ ರೋಗದಲ್ಲಿ ಮಾತ್ರೆ ಮತ್ತೆಮತ್ತೆ ತಪ್ಪಿದರೆ ಕ್ಯಾನ್ಸರ್ ಕಣಗಳು ಔಷಧಿಗೇ ಬಗ್ಗದಂತಾಗಬಹುದು. ಆಮೇಲೆ ಬೇಕಾಗುವುದು ಇನ್ನೂ ದುಬಾರಿ ಮದ್ದು.

ಈ ಓಡಾಟದ ಬಹುಪಾಲು ಅನಗತ್ಯ ಎಂದು ನಾನು ಖಚಿತವಾಗಿ ನಂಬಿದ್ದೇನೆ. ರೋಗ ಹತೋಟಿಯಲ್ಲಿದೆಯೇ ಎಂದು ತಿಳಿಯಲು ಮೊದಮೊದಲು ಮೂರು ತಿಂಗಳಿಗೊಮ್ಮೆ ಮಾಡುವ ಬಿಸಿಆರ್–ಎಬಿಎಲ್ ಪರೀಕ್ಷೆಗೆ ಬೇಕಿರುವುದು ಸ್ವಲ್ಪ ರಕ್ತ. ಅದನ್ನು ಬಳ್ಳಾರಿಯಲ್ಲೇ ತೆಗೆದು ಬೆಂಗಳೂರಿಗೆ ಕಳಿಸಬಹುದು. ವರದಿಯನ್ನು ಕಿದ್ವಾಯಿಯ ತಜ್ಞರು ನೋಡಿ ಫೋನಿನಲ್ಲೋ ವಿಡಿಯೊದಲ್ಲೋ ಸಲಹೆ ಕೊಡಬಹುದು. ಮಾತ್ರೆ ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಲ್ಲಿ, ಕ್ಷಯಕ್ಕೂ ಎಚ್‌ಐವಿಗೂ ಕೊಡುವಂತೆಯೇ, ಹೆಸರು ಬರೆದು ಕೊಡಬಹುದು. ಮಾತ್ರೆ ಒಯ್ಯಲು ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಿದರೆ ಸಾಕು, ಔಷಧಿ ನಿಲ್ಲುವುದು ತಪ್ಪುತ್ತದೆ. ಎಚ್‌ಐವಿಯಲ್ಲಿ ಇದೇ ರಾಜ್ಯ ಇದನ್ನು ಮಾಡಿ ತೋರಿಸಿದೆ.

ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ದೂರವೆಂಬುದು ಪ್ರಾಣವನ್ನೇ ತೆಗೆಯುತ್ತದೆ. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾಕ್ಕೆ ವಿಟಮಿನ್ ‘ಎ’ಯಿಂದ ಹುಟ್ಟಿದ ಎಟಿಆರ್‌ಎ ಎಂಬ ಔಷಧಿ ಮತ್ತು ಆರ್ಸೆನಿಕ್ ಎರಡನ್ನೂ ಕೊಟ್ಟರೆ ಹತ್ತರಲ್ಲಿ ಒಂಬತ್ತು ಮಂದಿ ಗುಣವಾಗಬಲ್ಲರು. ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ಇಂಥ ಗೆಲುವು ಕಡಿಮೆ. ಆದರೆ ಮೊದಲ ಕೆಲವೇ ದಿನಗಳಲ್ಲಿ ಮೆದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತಸ್ರಾವವಾಗಿ ರೋಗಿ ಸಾಯಬಹುದು. ಅನುಮಾನ ಬಂದ ದಿನವೇ ಎಟಿಆರ್‌ಎ ಕ್ಯಾಪ್ಸೂಲ್ ಕೊಟ್ಟು, ಪ್ಲೇಟ್‌ಲೆಟ್ ಏರಿಸಬೇಕು. ಆ ಕ್ಯಾಪ್ಸೂಲ್ ಬಳ್ಳಾರಿಯಲ್ಲಿ ಇರಬೇಕು. ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅನುಮಾನಪಡಬಲ್ಲ ರೋಗಶಾಸ್ತ್ರಜ್ಞರೂ ಹಗಲು ರಾತ್ರಿ ಇರಬೇಕು. 1961ರಲ್ಲಿ ಆರಂಭವಾಗಿ, ವಿಮ್ಸ್ ಎಂದು ಹೆಸರಾಗಿ, ಈಗ ಬಿಎಂಸಿಆರ್‌ಸಿ ಆಗಿರುವ ನಮ್ಮ ಸರ್ಕಾರಿ ವೈದ್ಯಕೀಯ ಕಾಲೇಜಿನಿಂದ ಇಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.

ತಾಲ್ಲೂಕಿನ ಮಟ್ಟದಲ್ಲಿ ನಡೆಯುವ ದೊಡ್ಡ ತಪ್ಪು ಒಂದಿದೆ. ಹೆಂಗಸೊಬ್ಬಳು ಸುಸ್ತು ಎಂದು ಬಂದರೆ ‘ರಕ್ತ ಕಡಿಮೆ ಆಗಿದೆ’ ಎಂದು ಕಬ್ಬಿಣದ ಮಾತ್ರೆಯೋ ಒಂದು ಬಾಟಲಿ ರಕ್ತವೋ ಕೊಟ್ಟು ಕಳಿಸಲಾಗುತ್ತದೆ. ಬಹಳ ಸಲ ಅದು ಸರಿಯೇ, ಏಕೆಂದರೆ ನಮ್ಮಲ್ಲಿ ಕಬ್ಬಿಣದ ಕೊರತೆ ವಿಪರೀತ. ಆದರೆ ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ, ಒಸಡಿನಲ್ಲಿ ರಕ್ತ ಬಂದರೆ, ಏಟು ಬೀಳದೆ ಮೈಮೇಲೆ ನೀಲಿ ಕಲೆ ಎದ್ದರೆ, ಜ್ವರ ಬಿಡದಿದ್ದರೆ ಪೂರ್ಣ ರಕ್ತಕಣ ಎಣಿಕೆ ಮತ್ತು ಲೇಪನ ಪರೀಕ್ಷೆ ಆಗಲೇಬೇಕು. ಮಗುವಿಗೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಅನುಮಾನವಿದ್ದರೆ ರಕ್ತ ಏರಿಸುವ ಮುನ್ನವೇ ಮಾದರಿ ತೆಗೆದಿಡಬೇಕು. ಬೇರೆಯವರ ರಕ್ತ ಬೆರೆತ ಮೇಲೆ ಪರೀಕ್ಷೆ ದಾರಿ ತಪ್ಪಿಸುತ್ತದೆ.

ಥಲಸ್ಸೀಮಿಯಾದ ಮಾತು ಬಂದಾಗ ಸೋದರ ಸಂಬಂಧದ ಮದುವೆಯನ್ನು ಬಿಟ್ಟು ಮಾತಾಡಲಾಗದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 27ರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡಾಗ ಇಬ್ಬರಲ್ಲೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚುತ್ತದೆ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗು ಕಾಯಿಲೆಯೊಂದಿಗೇ ಹುಟ್ಟಬಹುದು. ಮೂರು–ನಾಲ್ಕು ವಾರಕ್ಕೊಮ್ಮೆ ರಕ್ತ, ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ದಿನವೂ ಮಾತ್ರೆ, ಇದು ಆ ಮಗುವಿನ ಬಾಳು. ಹೊಂದುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೊಂದು ಎಚ್‌ಬಿಎ2 ಪರೀಕ್ಷೆ ಮಾಡಿದರೆ ಈ ಸಂಕಟವನ್ನು ಮೊದಲೇ ತಿಳಿಯಬಹುದು. ಹಳೆಯ ಸಂಬಂಧಗಳನ್ನು ಹಳಿಯುವುದು ಬೇಡ, ಮದುವೆಗೆ ಮುಂಚೆ ಪರೀಕ್ಷೆ ಮಾಡಿಸಿದರೆ ಸಾಕು.

ದೊಡ್ಡ ನಗರದ ಹೊರಗೂ ಇಂಥ ಕೆಲಸ ಆಗುತ್ತದೆ ಎನ್ನಲು ಹತ್ತಿರದ ದಾವಣಗೆರೆಯೇ ಸಾಕ್ಷಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಕಾಯಿಲೆ ಸ್ವತಃ ತಮಗೇ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ಅವರು ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯ ಮೂಲಕ ಅಲ್ಲಿ ಚಿಕಿತ್ಸಾ ಕೇಂದ್ರ ಕಟ್ಟಿದರು. ವೆಲ್ಲೂರಿನ ಸಿಎಂಸಿಯಲ್ಲಿ ತೀವ್ರ ಹಿಮೊಫಿಲಿಯಾ ‘ಎ’ ಇದ್ದ ಐವರಿಗೆ ಜೀನ್ ಚಿಕಿತ್ಸೆ ಕೊಟ್ಟ ಮೇಲೆ ರಕ್ತಸ್ರಾವವೇ ಆಗಲಿಲ್ಲ ಎಂಬ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ನೆಲದಲ್ಲಿ ಹುಟ್ಟಿದ ನೆಕ್ಸ್‌ಕಾರ್19 ಎಂಬ, ರಕ್ತದ ಕ್ಯಾನ್ಸರಿಗೆ ಕೊಡುವ ಕಾರ್–ಟಿ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಹೆಮ್ಮೆಯ ಸಂಗತಿಗಳಿವು. ಆದರೆ ನಮ್ಮ ಜಿಲ್ಲೆಯ ಕುರುಗೋಡಿನವರ ಆಯುಷ್ಯ ನಾಳೆಯೇ ಹೆಚ್ಚುವುದು ಇವುಗಳಿಂದಲ್ಲ.

ಹೆಚ್ಚುವುದು ಬಾಯಿ ಮತ್ತು ಗರ್ಭಕಂಠದ ತಪಾಸಣೆಯಿಂದ. ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆಳಕು ಹಿಡಿದು ಬಾಯಿ ನೋಡಿದ್ದಕ್ಕೇ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ತಗ್ಗಿತು, 2005ರ ವರದಿಯಿದು. ಬೀದರ್–ಕಲಬುರಗಿಗೆ ಹತ್ತಿರದ, ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದಾಗ ಗರ್ಭಕಂಠ ಕ್ಯಾನ್ಸರಿನ ಸಾವು ಸರಿಸುಮಾರು ಅರ್ಧಕ್ಕಿಳಿಯಿತು, ಅದು 2009ರದ್ದು. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಎಂದು ಜೋಡಿಯಾಗಿ ಸಿಗುತ್ತಿರುವುದನ್ನು ಎಲ್ಲರೂ ನೋಡುತ್ತಿದ್ದೇವೆ. ಇವನ್ನು ಜಗಿದು, ಮೂರು ಬೆರಳು ನಿಲ್ಲಿಸಿ ಹಿಡಿದರೆ ಹೋಗದಷ್ಟು ಬಾಯಿ ಬಿಗಿದ ಹುಡುಗರು ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿಗೆ ಇಂದೇ ಹೋಗಬೇಕು.

ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಕಿಮೊಥೆರಪಿ ಆರಂಭಿಸಿತು. ಸರಿಯಾದ ಹೆಜ್ಜೆ. ಕಿಮೊ ಊರ ಹತ್ತಿರ ಬಂದರೆ ಹೊಣೆಯೂ ಹತ್ತಿರ ಬರುತ್ತದೆ. ಕಿಮೊ ಆದವರಿಗೆ ಜ್ವರ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬೀಳಬೇಕೆಂದು ಕುರುಗೋಡಿನ ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಿಗೂ ಗೊತ್ತಿರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸರಣಿ ಸಾವಾದಾಗ ಡ್ರಿಪ್ ದ್ರಾವಣದ ಗುಣಮಟ್ಟದ ಪ್ರಶ್ನೆ ಎದ್ದಿತ್ತು. ಆ ಗಾಯ ಆರಿಲ್ಲ. ಡ್ರಿಪ್‌ನಲ್ಲೇ ಕೊಡುವ ಕ್ಯಾನ್ಸರ್ ಔಷಧಿಯ ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನು ಜನರ ಮುಂದಿಡದೆ ನಂಬಿಕೆ ಮರಳದು.

ದುಡ್ಡಿಲ್ಲ ಎಂಬ ಮಾತನ್ನು ಈ ಜಿಲ್ಲೆಯಲ್ಲಿ ಯಾರೂ ಹೇಳುವಂತಿಲ್ಲ. ಗಣಿಗಾರಿಕೆಯಿಂದ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಆರೋಗ್ಯ ಆದ್ಯತೆಯ ಬಾಬ್ತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ಹೊಸ ಕಟ್ಟಡಕ್ಕೆ ಶಿಲಾನ್ಯಾಸ ಮಾಡುವ ಮೊದಲು ಈ ಹಣದಲ್ಲಿ ಸಿರುಗುಪ್ಪ ಮತ್ತು ಕುರುಗೋಡಿಗೆ ರಕ್ತಕಣ ಎಣಿಕೆ ಯಂತ್ರ ಮತ್ತು ತಂತ್ರಜ್ಞರು, ಬಳ್ಳಾರಿಗೆ ರಕ್ತರೋಗ ತಜ್ಞರು, ಕಿದ್ವಾಯಿಗೆ ಮಾದರಿ ಒಯ್ಯುವ ವ್ಯವಸ್ಥೆ, ರೋಗಿಗೆ ದಾರಿ ತೋರಿಸಲು ಪ್ರತಿ ತಾಲ್ಲೂಕಿಗೊಬ್ಬ ಸಂಯೋಜಕರು ಬರಲಿ. ಜಿಲ್ಲೆಯ ಶಾಸಕರು ಪ್ರತಿಷ್ಠಾನದ ಮುಂದಿನ ಕ್ರಿಯಾಯೋಜನೆಯ ಸಭೆಯಲ್ಲಿ ಇದನ್ನು ಪಟ್ಟು ಹಿಡಿದು ಕೇಳಬೇಕು. ಅಲ್ಲಿಯವರೆಗೆ ಬೆಂಗಳೂರಿಗೆ ಹೋಗಲೇಬೇಕಾದವರು ಒಂದನ್ನು ನೆನಪಿಡಿ: ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗೆ ಬರುವ ಒಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ವೈದ್ಯರಿಂದ ಅದರ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.