‘ಯಾಕೆ ಸಿಗಲಿಲ್ಲ’ ಎಂಬ ಪ್ರಶ್ನೆಗೂ ತಂತ್ರಾಂಶ ಉತ್ತರಿಸಲಿ

ಅರವತ್ತು ತುಂಬಿದವರ ಠೇವಣಿಗೆ ಅರ್ಧ ಶೇಕಡಾ ಹೆಚ್ಚು ಬಡ್ಡಿ. ಬ್ಯಾಂಕಿನ ಕೌಂಟರಿನಲ್ಲಿ ಇದು ಒಂದು ಸಾಲಿನ ಮಾತು. ಅದೇ ಮಾತು ತಂತ್ರಾಂಶದೊಳಗೆ ಸೇರಿದ ಮೇಲೆ, ಅರ್ಹ ಗ್ರಾಹಕರೊಬ್ಬರಿಗೆ ಆ ಅರ್ಧ ಶೇಕಡಾ ಬರದೇ ಹೋದರೆ ಕಾರಣ ಹುಡುಕುವುದು ಸುಲಭವಲ್ಲ. ನಿಯಮ ಕಣ್ಣೆದುರೇ ಇರುತ್ತದೆ, ಓದಿದರೆ ಸರಿಯಾಗಿಯೇ ಕಾಣುತ್ತದೆ, ಆದರೆ ಕೆಲಸ ಮಾಡಿರುವುದಿಲ್ಲ.

ವ್ಯವಹಾರದ ನಿಯಮಗಳನ್ನು ಉಳಿದ ಕೋಡಿನಿಂದ ಬೇರ್ಪಡಿಸಿ ಇಡಲೆಂದೇ ರೂಲ್ ಎಂಜಿನ್‌ಗಳಿವೆ. ಅವುಗಳಲ್ಲಿ ಹೆಸರಾದದ್ದು ಡ್ರೂಲ್ಸ್. 2001ರಲ್ಲಿ ಬಾಬ್ ಮ್ಯಾಕ್‌ವರ್ಟರ್ ಶುರು ಮಾಡಿದ ಈ ಮುಕ್ತ ತಂತ್ರಾಂಶ ಮುಂದೆ ಜೆಬಾಸ್ ಮತ್ತು ರೆಡ್ ಹ್ಯಾಟ್ ಕಂಪನಿಗಳ ಆಸರೆಯಲ್ಲಿ ಬೆಳೆಯಿತು. ಇಲ್ಲಿ ಪ್ರತಿ ನಿಯಮಕ್ಕೂ ಎರಡು ಭಾಗ: ಷರತ್ತುಗಳಿರುವ ‘ವೆನ್’, ಷರತ್ತು ಕೂಡಿಬಂದಾಗ ಮಾಡಬೇಕಾದ ಕೆಲಸವಿರುವ ‘ದೆನ್’.

ತಪ್ಪು ಎಲ್ಲಿದೆ ಎಂದು ನೋಡಲು ಪ್ರೋಗ್ರಾಮರ್ ಮೊದಲು ಇಡುವುದು ಬ್ರೇಕ್‌ಪಾಯಿಂಟ್, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸುವ ಗುರುತು. 1940ರ ದಶಕದ ಎನಿಯಾಕ್ ಯಂತ್ರದಲ್ಲಿ ಒಂದು ಕೇಬಲ್ ಕಿತ್ತು ಲೆಕ್ಕವನ್ನು ನಡುವೆಯೇ ನಿಲ್ಲಿಸುತ್ತಿದ್ದ ಕಾಲದಿಂದಲೂ ಈ ಉಪಾಯ ಇದೆ. ಡ್ರೂಲ್ಸ್‌ನಲ್ಲಿ ಇದಕ್ಕೆ ಕಟ್ಟುಪಾಡುಗಳಿವೆ. ಕೋಡ್ ಬರೆಯಲು ಬಳಸುವ ಎಕ್ಲಿಪ್ಸ್ ತಂತ್ರಾಂಶದಲ್ಲಿ ಪ್ರೋಗ್ರಾಮನ್ನು ಸಾಮಾನ್ಯ ಜಾವಾ ಅಪ್ಲಿಕೇಶನ್ ಎಂದು ಡಿಬಗ್ ಮಾಡಿದರೆ, ಅಂದರೆ ತಪ್ಪು ಹುಡುಕಲೆಂದು ಓಡಿಸಿದರೆ, ನಿಯಮದ ಕಡತದಲ್ಲಿಟ್ಟ ಬ್ರೇಕ್‌ಪಾಯಿಂಟ್‌ಗಳಲ್ಲಿ ಅದು ನಿಲ್ಲುವುದೇ ಇಲ್ಲ. ‘ಡ್ರೂಲ್ಸ್ ಅಪ್ಲಿಕೇಶನ್’ ಎಂದೇ ಆರಿಸಿ ಓಡಿಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು: ಬ್ರೇಕ್‌ಪಾಯಿಂಟ್ ಇಡಲು ಬರುವುದು ‘ದೆನ್’ ಭಾಗದಲ್ಲಿ ಮಾತ್ರ.

ಅದಕ್ಕೆ ಕಾರಣವೂ ಇದೆ. ಷರತ್ತುಗಳನ್ನು ಎಂಜಿನ್ ಒಂದೊಂದೇ ಸಾಲಾಗಿ ಓಡಿಸುವುದಿಲ್ಲ. ಚಾರ್ಲ್ಸ್ ಫಾರ್ಜಿ 1970ರ ದಶಕದಲ್ಲಿ ರೂಪಿಸಿದ ‘ರೀಟಿ’ ಕ್ರಮವನ್ನು ಆಧರಿಸಿ ಎಲ್ಲ ನಿಯಮಗಳ ಷರತ್ತುಗಳನ್ನೂ ಸೇರಿಸಿ ಒಂದು ಜಾಲ ಹೆಣೆಯುತ್ತದೆ. ಗ್ರಾಹಕರ ಮಾಹಿತಿ ಒಂದರ ಕೆಳಗೊಂದು ಹಿಡಿದ ಜರಡಿಗಳಲ್ಲಿ ಇಳಿದಂತೆ ಆ ಜಾಲದಲ್ಲಿ ಇಳಿಯುತ್ತದೆ. ಸಾವಿರಾರು ನಿಯಮಗಳಿದ್ದರೂ ವೇಗ ಸಿಗುವುದು ಇದರಿಂದಲೇ. ಆದರೆ ಯಾವ ಷರತ್ತಿನಲ್ಲಿ ಮಾಹಿತಿ ತಡೆದು ನಿಂತಿತು ಎಂದು ನಿಂತು ನೋಡಲು ಅಲ್ಲಿ ಸಾಲೇ ಇಲ್ಲ.

ಬಡ್ಡಿಯ ನಿಯಮಕ್ಕೇ ಮರಳೋಣ. ಎಂಜಿನ್‌ಗೆ ಗ್ರಾಹಕರ ವಿವರ ಕೊಟ್ಟಾಗ ವಯಸ್ಸಿನ ಜಾಗದಲ್ಲಿ ಸೊನ್ನೆ ಇದೆ. ಹುಟ್ಟಿದ ದಿನಾಂಕ ನೋಡಿ 63 ಎಂದು ತುಂಬುವುದು ಇನ್ನೊಂದು ನಿಯಮದ ಕೆಲಸ. ಅದನ್ನು ಬರೆದವರು ವಯಸ್ಸನ್ನು ನೇರವಾಗಿ ಬದಲಿಸಿ, ‘ಮಾಡಿಫೈ’ ಆದೇಶದ ಮೂಲಕ ಆ ಬದಲಾವಣೆಯನ್ನು ಎಂಜಿನ್‌ಗೆ ತಿಳಿಸಲು ಮರೆತಿದ್ದಾರೆ. ಎಂಜಿನ್‌ನ ಪಾಲಿಗೆ ಆ ಗ್ರಾಹಕರ ವಯಸ್ಸು ಇನ್ನೂ ಸೊನ್ನೆ. ಎಷ್ಟು ಹೊತ್ತು ಕಾದರೂ ಬಡ್ಡಿಯ ನಿಯಮದಲ್ಲಿಟ್ಟ ಬ್ರೇಕ್‌ಪಾಯಿಂಟ್‌ನಲ್ಲಿ ಪ್ರೋಗ್ರಾಮ್ ನಿಲ್ಲುವುದಿಲ್ಲ. ದೋಷ ಡಿಬಗರ್‌ನದು ಎಂದುಕೊಂಡು ಎಕ್ಲಿಪ್ಸನ್ನೇ ಮರುಸ್ಥಾಪಿಸುವವರಿದ್ದಾರೆ. ಅಲ್ಲಿ ನಿಲ್ಲದಿರುವುದೇ ಸುಳಿವು: ನಿಯಮದ ಷರತ್ತು ಕೂಡಿಬಂದೇ ಇಲ್ಲ. ಹುಡುಕಬೇಕಾದದ್ದು ಅದಕ್ಕೂ ಮೊದಲು ನಡೆದದ್ದನ್ನು.

ಯಾವ ನಿಯಮದ ಷರತ್ತು ಕೂಡಿಬಂತು, ಯಾವುದು ಕೆಲಸ ಮಾಡಿತು ಎಂದು ದಾಖಲಿಸುವ ಲಿಸನರ್‌ಗಳನ್ನು ಡ್ರೂಲ್ಸ್ ಒದಗಿಸುತ್ತದೆ. ಅವನ್ನು ಮೊದಲ ದಿನದಿಂದಲೇ ಜೋಡಿಸಿಡಬೇಕು. ಆದರೂ ಷರತ್ತು ಕೂಡಿಬರದ ನಿಯಮದ ಬಗ್ಗೆ ಆ ದಾಖಲೆಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ನಿರಾಕರಣೆಯನ್ನೂ ನಿಯಮವಾಗಿಯೇ ಬರೆಯುವುದು ಒಳ್ಳೆಯದು: ‘ವಯಸ್ಸು ದಾಖಲಾಗಿಲ್ಲ, ಹೆಚ್ಚುವರಿ ಬಡ್ಡಿ ಇಲ್ಲ’ ಎಂದು ಕಾರಣ ಹೇಳುವ ಪ್ರತ್ಯೇಕ ನಿಯಮ. ಕೆಲಸ ಹೆಚ್ಚುತ್ತದೆ, ನಿಜ. ದಾಖಲೆ ಇಟ್ಟರೆ ವೇಗ ತಗ್ಗುತ್ತದೆ, ಸಂಗ್ರಹಕ್ಕೆ ಖರ್ಚಾಗುತ್ತದೆ ಎಂಬ ಆಕ್ಷೇಪದಲ್ಲೂ ಹುರುಳಿದೆ. ಆದರೆ ಕಾರಣ ಹೇಳಲಾಗದ ತೀರ್ಮಾನದ ಬೆಲೆ ಇದಕ್ಕಿಂತ ಎಷ್ಟೋ ದುಬಾರಿ.

ಅಮೆರಿಕದ ಮಿಷಿಗನ್ ರಾಜ್ಯ ಆ ಬೆಲೆ ತೆತ್ತಿದೆ. ನಿರುದ್ಯೋಗ ಭತ್ಯೆಯಲ್ಲಿ ಮೋಸ ಪತ್ತೆಹಚ್ಚಲು ಅಲ್ಲಿ 2013ರಲ್ಲಿ ‘ಮೈಡಾಸ್’ ಎಂಬ ವ್ಯವಸ್ಥೆ ಬಂತು. 2015ರ ಹೊತ್ತಿಗೆ ಸುಮಾರು 40 ಸಾವಿರ ಜನ ವಂಚಕರೆಂಬ ಹಣೆಪಟ್ಟಿ ಹೊತ್ತಿದ್ದರು. ಪಡೆದ ಮೊತ್ತದ ನಾಲ್ಕು ಪಟ್ಟಿನವರೆಗೆ ದಂಡ ಬೀಳುತ್ತಿತ್ತು. ಕಂಪ್ಯೂಟರೇ ತೀರ್ಮಾನಿಸಿದ್ದ 22 ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಸರ್ಕಾರ ಮರುಪರಿಶೀಲಿಸಿದಾಗ ಶೇ 93ರಷ್ಟು ತಪ್ಪಾಗಿದ್ದವು. ಅದು ಡ್ರೂಲ್ಸ್‌ನ ತಪ್ಪಲ್ಲ, ಯಾವುದೋ ಒಂದು ಬ್ರೇಕ್‌ಪಾಯಿಂಟ್‌ನ ಕಥೆಯೂ ಅಲ್ಲ. ಯಂತ್ರದ ತೀರ್ಮಾನವನ್ನು ನಿಲ್ಲಿಸಿ ‘ಯಾಕೆ’ ಎಂದು ಕೇಳುವ ಮನುಷ್ಯ ನಡುವೆ ಇರಲಿಲ್ಲ ಎಂಬುದೇ ಅಲ್ಲಿನ ಅನಾಹುತ.

ಜಗತ್ತಿನ ಎಷ್ಟೋ ಬ್ಯಾಂಕು, ವಿಮಾ ಕಂಪನಿಗಳ ತಂತ್ರಾಂಶ ಬರೆಯುವವರು ಬೆಂಗಳೂರಿನಲ್ಲಿದ್ದಾರೆ. ನಮ್ಮ ಪಿಂಚಣಿ, ಸಾಲ, ಸಹಾಯಧನಗಳ ಅರ್ಹತೆಯೂ ಹೆಚ್ಚುಹೆಚ್ಚಾಗಿ ಕಂಪ್ಯೂಟರಿನಲ್ಲೇ ತೀರ್ಮಾನವಾಗುತ್ತಿದೆ. ಇಂಥ ತಂತ್ರಾಂಶಕ್ಕೆ ಟೆಂಡರ್ ಕರೆಯುವ ಇಲಾಖೆಗಳು, ಬ್ಯಾಂಕುಗಳು ಒಂದು ಷರತ್ತನ್ನು ಕಡ್ಡಾಯವಾಗಿ ಸೇರಿಸಲಿ: ಅರ್ಜಿ ತಿರಸ್ಕೃತವಾದರೆ ಯಾವ ನಿಯಮದಿಂದ, ಯಾವ ಮಾಹಿತಿಯ ಆಧಾರದಲ್ಲಿ ಎಂಬುದು ಅರ್ಜಿದಾರರಿಗೆ ಅರ್ಥವಾಗುವ ಕನ್ನಡದಲ್ಲಿ ಮುದ್ರಿತವಾಗಿ ಕೈಗೆ ಸಿಗಬೇಕು.