ವಾಲ್‌ಪೇಪರ್‌ಗೆ ಮೊದಲು ಗೋಡೆ ಒಣಗಲಿ

ನಮ್ಮ ಹಳ್ಳಿಗಳ ಹೊಸ ಮನೆಗಳಲ್ಲೂ ಈಗ ಟಿವಿ ಹಿಂದಿನ ಗೋಡೆಗೆ ವಾಲ್‌ಪೇಪರ್ ಬೇಕು. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಸುರುಳಿ ಮನೆ ಬಾಗಿಲಿಗೇ ಬರುತ್ತದೆ. ಈ ಆಸೆ ತಪ್ಪಲ್ಲ. ಚಂದದ ಮನೆ ಪೇಟೆಯವರ ಸೊತ್ತೂ ಅಲ್ಲ. ನಮ್ಮ ತಕರಾರು ಅವಸರದ ಬಗ್ಗೆ. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿರುತ್ತದೆ, ಕಾರ್ಡೂ ಹಂಚಿರುತ್ತಾರೆ. ಹಸಿ ಗೋಡೆಗೇ ಕಾಗದ ಅಂಟಿಸಿಬಿಡುತ್ತಾರೆ.

ಸಿಮೆಂಟ್ ಗಿಲಾವಿಗೆ ಕನಿಷ್ಠ ಒಂದು ವಾರ ನೀರು ಹೊಡೆಯಬೇಕು. ಆ ನೀರು ಆರಲು ಮತ್ತೆ ಒಂದು ತಿಂಗಳಾದರೂ ಬೇಕು, ಮಳೆಗಾಲವಾದರೆ ಇನ್ನೂ ಹೆಚ್ಚು. ಪ್ಲಾಸ್ಟಿಕ್ ಮೈಯ ವಾಲ್‌ಪೇಪರ್ ಆ ತೇವವನ್ನು ಹೊರಗೆ ಬಿಡುವುದಿಲ್ಲ. ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಉಬ್ಬಸ ಇರುವ ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ ಆ ಗಾಳಿ ಒಳ್ಳೆಯದಲ್ಲ. ಗೆದ್ದಲಿಗಂತೂ ಕಾಗದವೇ ಊಟ. ಬರೀ ಗೋಡೆಯಲ್ಲಾದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಕಾಗದದ ಹಿಂದಿದ್ದರೆ ಗೊತ್ತೇ ಆಗುವುದಿಲ್ಲ.

“ಪೇಪರ್ ಅಂಟಿಸಿದರೆ ಗೋಡೆಯ ದೋಷವೆಲ್ಲ ಮುಚ್ಚಿಹೋಗುತ್ತದೆ” ಎನ್ನುವವರಿದ್ದಾರೆ. ನಮ್ಮ ಪ್ರಕಾರ ಅದೇ ಅಪಾಯ. ಮೇಲೆ ಥಳಕು, ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ.

ತೇವ ಇದೆಯೋ ಇಲ್ಲವೋ ನೋಡಲು ಖರ್ಚೇನೂ ಇಲ್ಲ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಗೋಡೆ ಇನ್ನೂ ಹಸಿ. ಆಗ ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಮೇಲಿನ ಮೂಲೆಯಲ್ಲಿದ್ದರೆ ತಾರಸಿ ನೋಡಿ. ಆಚೆ ಬದಿ ಬಚ್ಚಲಿದ್ದರೆ ಪೈಪ್ ನೋಡಿ. ನೆಲದಿಂದ ಎರಡು ಮೂರು ಅಡಿವರೆಗೆ ಬಿಳಿ ಉಪ್ಪು ಎದ್ದಿದ್ದರೆ ತೇವ ತಳಪಾಯದಿಂದ ಏರುತ್ತಿದೆ ಎಂದರ್ಥ. ಆ ಮೂಲ ಸರಿಮಾಡದೆ ಪುಟ್ಟಿ ಹಚ್ಚಿದರೂ ಉದುರುತ್ತದೆ.

ಗೋಡೆ ಒಣಗಿದೆಯೇ? ಈಗ ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಸುಣ್ಣ ಹತ್ತಿದರೆ ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ, ಕಾಗದ ಸುಣ್ಣದ ಸಮೇತ ಎದ್ದು ಬರುತ್ತದೆ. ಹಳೆಯ ಸುಣ್ಣ, ಎದ್ದ ಬಣ್ಣ ಕೆರೆದು, ತೊಳೆದು, ಒಣಗಿಸಿ. ಬಿರುಕು ತುಂಬಿ, ತೆಳುವಾಗಿ ಎರಡು ಸಲ ಪುಟ್ಟಿ ಎಳೆದು, ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಧೂಳು ಒರೆಸಿ ಪ್ರೈಮರ್ ಹೊಡೆಯಿರಿ. ಪ್ರತಿ ಹಂತವೂ ಪೂರ್ತಿ ಆರಲಿ. ಸ್ವಿಚ್ ಬೋರ್ಡ್ ಸುತ್ತ ಕೆಲಸ ಮಾಡುವಾಗ ಮೇನ್ ಆಫ್ ಇರಲಿ.

ಹಳೆಯ ಆಯಿಲ್ ಪೇಂಟ್ ಇರುವ ಗೋಡೆಯಾದರೆ ಇನ್ನೊಂದು ಎಚ್ಚರ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲಿನ ಬಣ್ಣದಲ್ಲಿ ಹೆಚ್ಚು ಸೀಸ ಇರಬಹುದು. ಒಣದಾಗಿ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಮಕ್ಕಳು, ಬಸುರಿಯರು ಆ ದಿನ ಬೇರೆ ಕಡೆ ಇರಲಿ.

ಮಣ್ಣಿನ ಗೋಡೆಗೆ ವಾಲ್‌ಪೇಪರ್ ಬೇಡವೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಅದು ತೇವ ಹೀರಿ, ತೇವ ಬಿಟ್ಟು ಬದುಕುವ ಗೋಡೆ. ಅದಕ್ಕೆ ಸುಣ್ಣವೇ ಸರಿ.

ಇನ್ನು ದುಡ್ಡಿನ ಮಾತು. ಸಾಮಾನ್ಯ ಸುರುಳಿಯೊಂದು ಸುಮಾರು 57 ಚದರಡಿಗೆ ಆಗುತ್ತದೆ. 10 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ ಎರಡು ಸುರುಳಿ ಬೇಕು. ಲೆಕ್ಕ ಇಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತೇವೆ. ಕೆರೆಯುವ ಕೂಲಿ, ಪುಟ್ಟಿ, ಪ್ರೈಮರ್ ಇವನ್ನು ಪೇಂಟರ್ ಹತ್ತಿರ ಬೇರೆಯಾಗಿ ಬರೆಸಿಕೊಳ್ಳಿ. ಬರೆಸದ ಕೆಲಸವೇ ಮೊದಲು ತಪ್ಪಿಹೋಗುವುದು. ಎರಡಕ್ಕೂ ದುಡ್ಡು ಸಾಲದಿದ್ದರೆ ಗೋಡೆಗೆ ಖರ್ಚು ಮಾಡಿ, ಕಾಗದ ಕಾಯಲಿ.

ಮುಹೂರ್ತ ಹತ್ತಿರ ಬಂದಿದ್ದರೆ ಆ ಗೋಡೆಯನ್ನು ಹಾಗೇ ಬಿಟ್ಟು ಹೂವಿನ ಹಾರ ಇಳಿಬಿಡಿ. ಬಂದವರು ಊಟ ಮಾಡಿ ಹರಸಿ ಹೋಗುತ್ತಾರೆ, ಗೋಡೆ ನೋಡಲು ಯಾರೂ ಬರುವುದಿಲ್ಲ. ವಾಲ್‌ಪೇಪರನ್ನು ಬೇಸಿಗೆಯಲ್ಲಿ ಅಂಟಿಸಿದರಾಯಿತು.